ಗೋಡೆ ಸಂದಿಯ ಅರಳಿ ಬೋನ್ಸಾಯ್ ಆಗೋದು ಹೇಗೆ? ಮೊದಲ ಚಿಗುರನ್ನ ಮಾತ್ರ ನಂಬ್ಬೇಡಿ

ಮನೆ ಸಜ್ಜಾ ಮೇಲೋ, ನೀರಿನ ಟ್ಯಾಂಕ್ ಪಕ್ಕದಲ್ಲೋ, ಹಳೇ ಕಾಂಪೌಂಡ್ ಬಿರುಕಲ್ಲೋ ಒಂದು ಅರಳಿನೋ ಆಲನೋ ಗೋಣಿನೋ ಹುಟ್ಟಿರತ್ತೆ ನೋಡಿ, ಯಾರೂ ನೆಟ್ಟಿದ್ದಲ್ಲ, ಹಣ್ಣು ತಿಂದ ಹಕ್ಕಿ ಹಿಕ್ಕೆ ಹಾಕಿ ಹೋಗಿರತ್ತೆ ಅಷ್ಟೇ. ಪೇಂಟ್ ಮಾಡ್ಸೋವಾಗೆಲ್ಲ ಕತ್ತರಿಸ್ತಾರೆ, ಅದು ಮತ್ತೆ ಚಿಗುರತ್ತೆ, ಹೀಗೇ ವರ್ಷಗಟ್ಟಲೆ ನಡೆದ್ರೆ ಗಿಡ ಮೊಣಕಾಲುದ್ದ ಇದ್ರೂ ಬುಡ ಮುಂಗೈ ದಪ್ಪ ಆಗಿರತ್ತೆ. ಬೋನ್ಸಾಯ್‌ಗೆ, ಅಂದ್ರೆ ಕುಂಡದಲ್ಲಿ ಪುಟ್ಟದಾಗಿ ಬೆಳೆಸೋ ಮರಕ್ಕೆ, ಬೇಕಾಗಿರೋದು ಈ ಬುಡಾನೇ.

ಜಪಾನ್‌ನಲ್ಲಿ ಬೆಟ್ಟದಿಂದ ಗಿಡ ತಂದು ಬೆಳೆಸೋದಕ್ಕೆ ಯಮಾದೋರಿ ಅಂತಾರೆ. ಯಮಾ ಅಂದ್ರೆ ಅವರಲ್ಲಿ ಬೆಟ್ಟ, ಆದ್ರೆ ನಾನು ಮೊದಮೊದಲು ತಂದ ಎರಡು ಗಿಡಕ್ಕೆ ನಮ್ಮ ಕಡೆ ಯಮನೇ ಆಗಿಬಿಟ್ಟೆ, ಆ ಕತೆ ಆಮೇಲೆ. ಅಲ್ಲಿ ಶಿಕೋಕು ದ್ವೀಪದ ಇಶಿಜುಚಿ ಬೆಟ್ಟದ ಶಿಂಪಾಕು ಜುನಿಪರ್ ಅನ್ನೋ ಗಿಡಗಳನ್ನ ಬೋನ್ಸಾಯ್‌ಗೆ ಅಂತ ಕಿತ್ತೂ ಕಿತ್ತೂ ಈಗ ಕಾಡಲ್ಲಿ ಒಳ್ಳೇವು ಸಿಗೋದೇ ಅಪರೂಪ. ನಮಗೆ ಕಾಡಿನ ಸಹವಾಸವೇ ಬೇಡ, ರಿಸರ್ವ್ ಫಾರೆಸ್ಟ್‌ನಿಂದ ಗಿಡ ಕಿತ್ರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕೇಸ್ ಆಗತ್ತೆ. ಕೋಟೆ, ಹಳೇ ಗುಡಿ ಗೋಡೆಗೂ ಕೈ ಹಾಕ್ಬೇಡಿ. ಒಡೆಯೋಕೆ ಬಿಟ್ಟಿರೋ ಮನೆ ಹುಡುಕಿ, ಓನರ್‌ನ ಕೇಳಿ, ಮೇಸ್ತ್ರಿಗೂ ಮೊದಲೇ ಹೇಳಿಡಿ, ಇಲ್ಲಾಂದ್ರೆ ಅವರು ಬುಡಕ್ಕೆ ಆಸಿಡ್ ಸುರಿದು ಸುಟ್ಟುಬಿಡ್ತಾರೆ.

ಕೀಳೋಕೆ ಒಳ್ಳೇ ಟೈಮು ಅಂದ್ರೆ ಒಂದೆರಡು ಮಳೆ ಬಿದ್ದ ಮೇಲೆ, ಮೇ ಕೊನೆಯಿಂದ ಜುಲೈವರೆಗೆ. ಸೆಕೆನೂ ಇರತ್ತೆ, ಗಾಳೀಲಿ ತೇವಾನೂ ಇರತ್ತೆ. ಹಿಂದಿನ ದಿನ ಗೋಡೆಗೆ ಚೆನ್ನಾಗಿ ನೀರು ಹಾಕಿ. ಮಾರನೇ ದಿನ ಮೊದ್ಲು ಮೇಲಿನ ಕೊಂಬೆಗಳನ್ನ ಗರಗಸದಲ್ಲಿ ಕುಯ್ದು ಹಾಕಿ, ಅಯ್ಯೋ ಅನ್ನಿಸತ್ತೆ, ಆದ್ರೆ ಬೇರುಗಳೇ ಇಲ್ಲದಿರೋವಾಗ ಅಷ್ಟು ಎಲೆಗೆ ನೀರು ಕೊಡೋರು ಯಾರು? ಅರಳಿ ಕೊಯ್ದ ಜಾಗದಿಂದ ಕೆಳಕ್ಕೆ ಒಣಗ್ತಾ ಬರೋದುಂಟು, ಅದಕ್ಕೆ ಬೇಕಾದ್ದಕ್ಕಿಂತ ಒಂದೆರಡು ಇಂಚು ಜಾಸ್ತಿನೇ ಬಿಡಿ. ಆಮೇಲೆ ಉಳಿ, ಸುತ್ತಿಗೆ ತಗೊಂಡು ಸುತ್ತ ಗಾರೆ ಬಿಡಿಸಿ, ಗಿಡ ಹಿಡಿದು ಎಳೀಬೇಡಿ, ಎಳೆದ್ರೆ ಸಿಪ್ಪೆ ಸುಲಿದು ಕೈಗೆ ಬರತ್ತೆ. ದಪ್ಪ ಬೇರು ಕತ್ತರಿಸಿದ್ರೂ ಪರವಾಗಿಲ್ಲ, ಕೂದಲಂಥ ಸಣ್ಣ ಬೇರು ಎಷ್ಟು ಸಿಗತ್ತೋ ಅಷ್ಟು ಉಳಿಸ್ಕೊಳ್ಳಿ. ಹಾಲು ಸೋರತ್ತೆ, ಹಳೇ ಬಟ್ಟೆ ಹಾಕ್ಕೊಂಡು ಹೋಗಿ. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಅವತ್ತೇ ನೆಡ್ಬೇಕು, ನಾಳೆ ನೋಡೋಣ ಅನ್ನಂಗಿಲ್ಲ.

ಬೋನ್ಸಾಯ್ ಟ್ರೇ, ಅಂದ್ರೆ ಆಳ ಇಲ್ಲದ ಅಗಲ ಕುಂಡ, ಈಗಲೇ ಬೇಡ. ಹಳೇ ಪ್ಲಾಸ್ಟಿಕ್ ಟಬ್‌ಗೆ ತಳದಲ್ಲಿ ತೂತು ಮಾಡಿ, ಜರಡಿ ಹಿಡಿದ ದಪ್ಪ ಮರಳು, ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ ತುಂಬಿ. ಗೊಬ್ಬರ ಒಂದು ಹಿಡೀನೂ ಬೇಡ. ಗಿಡ ಅಲ್ಲಾಡಿದ್ರೆ ಆಗಷ್ಟೇ ಹುಟ್ಟಿದ ಬೇರು ಮುರಿಯತ್ತೆ, ಹಾಗಾಗಿ ಬುಡಾನ ಟಬ್‌ಗೆ ಬಿಗಿಯಾಗಿ ಕಟ್ಟಿ, ಮೇಲೆ ದೊಡ್ಡ ಪಾರದರ್ಶಕ ಕವರ್ ಹೊದಿಸಿ ನೆರಳಲ್ಲಿಡಿ.

ಎರಡು ಮೂರು ವಾರಕ್ಕೆ ಕೆಂಪಗೆ ಚಿಗುರು ಬರತ್ತೆ. ನಾನು ಎಡವಿದ್ದು ಇಲ್ಲೇ. ಬದುಕ್ತು ಅಂತ ಖುಷಿಯಾಗಿ ಕವರ್ ತೆಗೆದು ಬಿಸಿಲಿಗಿಟ್ಟು ಸಗಣಿ ಗೊಬ್ಬರ ಬೇರೆ ಹಾಕ್ದೆ, ಹತ್ತೇ ದಿನಕ್ಕೆ ಚಿಗುರು ಜೋತುಬಿತ್ತು. ಇನ್ನೊಂದನ್ನ ಬೇರು ಬಂತಾ ನೋಡೋಣ ಅಂತ ವಾರಕ್ಕೊಂದ್ಸಲ ಕೆದಕಿ ಕೆದಕಿ ಸಾಯಿಸಿದೆ. ವಿಷಯ ಏನಂದ್ರೆ ಮೊದಲ ಚಿಗುರು ಬರೋದು ಬುಡದಲ್ಲಿ ಕೂಡಿಟ್ಟ ಆಹಾರದಿಂದ, ಬೇರು ಇಲ್ಲದಿದ್ರೂ ಬರತ್ತೆ. ಆ ಎಲೆಗಳು ಬಲಿತು, ಸ್ವಲ್ಪ ದಿನ ಸುಮ್ಮನಿದ್ದು, ಮತ್ತೆ ಎರಡನೇ ಸಲ ಚಿಗುರು ಹೊರಟು ಜೋರಾಗಿ ಬೆಳೆಯೋಕೆ ಶುರು ಮಾಡಿದ್ರೆ ಆಗ ಬೇರು ಹಿಡಿದಿದೆ ಅಂತ ಲೆಕ್ಕ. ಅಲ್ಲೀವರೆಗೂ ಟಬ್ಬಿನ ಮಿಶ್ರಣ ಮೇಲ್ಗಡೆ ಒಣಗಿದಾಗ ನೀರು, ಬೇರೇನೂ ಇಲ್ಲ. ಕವರನ್ನ ದಿನಕ್ಕೊಂದಿಷ್ಟು ತೆರೀತಾ ಅಭ್ಯಾಸ ಮಾಡಿಸಿ, ಆಮೇಲೆ ಬೆಳಗಿನ ಬಿಸಿಲು.

ಮನೇಲಿ ಹಿರಿಯರಿದ್ರೆ ತಕರಾರು ಬರಬಹುದು. "ಅರಳಿ ಕಟ್ಟೇಲಿರ್ಬೇಕು ಕಣೋ, ಟಬ್ಬಲ್ಲಲ್ಲ" ಅಂತ ನಮ್ಮಜ್ಜಿ ಒಂದು ತಿಂಗಳು ಬೈದ್ರು, ಈಗ ಶನಿವಾರ ಶನಿವಾರ ಅವರೇ ನೀರು ಹಾಕೋದು, ಜಾಸ್ತಿ ಹಾಕ್ಬೇಡಿ ಅಂದ್ರೆ ಕೇಳಲ್ಲ.

ಮೊದಲ ವರ್ಷ ಕತ್ತರಿ ಮುಟ್ಟಂಗಿಲ್ಲ, ಕೊಂಬೆ ಬೇಕಾಬಿಟ್ಟಿ ಬೆಳೀಲಿ. ಎರಡನೇ ವರ್ಷ ಬೇಕಾದ ನಾಲ್ಕೈದು ಕೊಂಬೆ ಇಟ್ಕೊಂಡು ಅಲ್ಯೂಮಿನಿಯಂ ತಂತಿ ಸುತ್ತಿ ಬಗ್ಗಿಸಿ, ಮಳೆಗಾಲದಲ್ಲಿ ಕೊಂಬೆ ಬೇಗ ದಪ್ಪ ಆಗತ್ತೆ, ತಂತಿ ಸಿಪ್ಪೆಗೆ ಕಚ್ಚೋ ಮೊದಲೇ ಕಟರ್‌ನಲ್ಲಿ ತುಂಡು ಮಾಡಿ ತೆಗೀರಿ, ಬಿಚ್ಚೋಕೆ ಹೋದ್ರೆ ಕೊಂಬೆ ಮುರಿಯತ್ತೆ. ಆಕಾರ ಹೊಳೀದಿದ್ರೆ ಬೆಂಗಳೂರಿನ ಲಾಲ್‌ಬಾಗ್ ಅಥವಾ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟದಲ್ಲಿ ಒಂದು ಸುತ್ತು ಹಾಕ್ಕೊಂಡು ಬನ್ನಿ. ಟ್ರೇ ವಿಷಯ ಮೂರ್ನಾಲ್ಕು ವರ್ಷ ಆದ್ಮೇಲೆ, ನನ್ನ ಮೂರನೇ ಅರಳಿ ಇನ್ನೂ ಬಟ್ಟೆ ನೆನೆಸೋ ಟಬ್ಬಲ್ಲೇ ಇದೆ.