ಎಸ್‌ವಿಎನ್‌ನಿಂದ ಗಿಟ್‌ಗೆ ಹೋಗೋರು ಮೊದಲು ಹೆಸರಿನ ಪಟ್ಟಿ ಮಾಡ್ಕೊಳ್ಳಿ

ಹಳೇ ಸಬ್‌ವರ್ಷನ್‌ನಲ್ಲಿರೋ ಪ್ಯಾಕೇಜ್‌ಗಳನ್ನ ಗಿಟ್‌ಗೆ ತರೋಕೆ ಹೊರಟಿದ್ದೀರಾ? (ಸಬ್‌ವರ್ಷನ್ ಅಂದ್ರೆ ಎಸ್‌ವಿಎನ್; ಅದೂ ಗಿಟ್ಟೂ ಕೋಡ್ ಬದಲಾವಣೆಗಳ ಇತಿಹಾಸ ಇಟ್ಕೊಳ್ಳೋ ಸಾಧನಗಳು.) ಗಿಟ್-ಎಸ್‌ವಿಎನ್ ಕ್ಲೋನ್ (ಇತಿಹಾಸ ಸಮೇತ ಗಿಟ್‌ಗೆ ನಕಲು ಮಾಡೋ ಆದೇಶ) ಓಡಿಸೋ ಮುಂಚೆ ಕಮಿಟ್ ಮಾಡಿದವರ, ಅಂದ್ರೆ ಬದಲಾವಣೆ ದಾಖಲಿಸಿದವರ, ಪಟ್ಟಿ ಸಿದ್ಧ ಮಾಡ್ಕೊಳ್ಳಿ. ಸಬ್‌ವರ್ಷನ್ ಬರೀ ಲಾಗಿನ್ ಹೆಸರು ಇಟ್ಕೊಂಡಿರುತ್ತೆ, ಗಿಟ್‌ಗೆ ಪೂರ್ತಿ ಹೆಸರೂ ಬೇಕು, ಇಮೇಲೂ ಬೇಕು. ಎಸ್‌ವಿಎನ್ ಲಾಗ್‌ನಿಂದ ಲಾಗಿನ್‌ಗಳನ್ನೆಲ್ಲ ಹೆಕ್ಕಿ ಒಂದು ಫೈಲಿಗೆ ಹಾಕಿ: ಎಡಕ್ಕೆ ಲಾಗಿನ್, ನಡುವೆ ಸಮ ಚಿಹ್ನೆ, ಬಲಕ್ಕೆ ಹೆಸರು, ಇಮೇಲ್. ಆ ಫೈಲ್ ಕೊಟ್ಟು ಓಡಿಸಿದಾಗ ಅದರಲ್ಲಿ ಒಂದೇ ಒಂದು ಲಾಗಿನ್ ಬಿಟ್ಟುಹೋಗಿದ್ರೂ ಕ್ಲೋನ್ ಅಲ್ಲೇ ನಿಲ್ಲುತ್ತೆ. ನಂದು ರಾತ್ರಿಯಿಡೀ ಓಡ್ತಿರುತ್ತೆ ಅಂದ್ಕೊಂಡು ಮಲಗಿದ್ದೆ. ಬೆಳಗ್ಗೆ ನೋಡಿದ್ರೆ, ಯಾವತ್ತೋ ಕೆಲಸ ಬಿಟ್ಟುಹೋದ ಯಾರದೋ ಲಾಗಿನ್ ಹತ್ರ ಮುಗ್ಗರಿಸಿ ಕೂತಿತ್ತು!

ಎಲ್ಲ ಪ್ಯಾಕೇಜೂ ಒಂದೇ ರೆಪೊಸಿಟರಿಯಲ್ಲಿದ್ರೆ (ಕೋಡ್ ಭಂಡಾರದಲ್ಲಿದ್ರೆ) ಒಟ್ಟಿಗೆ ಎಳೀಬೇಡಿ. ಪ್ರತಿ ಪ್ಯಾಕೇಜಿಗೂ ಟ್ರಂಕ್ (ಮುಖ್ಯ ಕೋಡ್), ಬ್ರ್ಯಾಂಚಸ್ (ಕವಲುಗಳು), ಟ್ಯಾಗ್ಸ್ (ರಿಲೀಸ್ ಗುರುತುಗಳು) ಫೋಲ್ಡರ್‌ಗಳ ದಾರಿ ಬೇರೆ ಬೇರೆ ಕೊಟ್ಟು ಕ್ಲೋನ್ ಮಾಡಿ.

ಇನ್ನು ಟ್ಯಾಗ್ ವಿಷಯ. ಸಬ್‌ವರ್ಷನ್‌ನಲ್ಲಿ ಟ್ಯಾಗ್ ಅಂದ್ರೆ ಇನ್ನೊಂದು ಫೋಲ್ಡರ್ ಅಷ್ಟೇ, ಅದಕ್ಕೇ ಗಿಟ್-ಎಸ್‌ವಿಎನ್ ಅದನ್ನ ರಿಮೋಟ್ ಬ್ರ್ಯಾಂಚ್ ಆಗಿ ತರುತ್ತೆ. ನಿಜವಾದ ಗಿಟ್ ಟ್ಯಾಗ್ ಆಗಿ ನೀವೇ ಬದಲಾಯಿಸದೆ ಪುಶ್ ಮಾಡಿದ್ರೆ (ಹೊಸ ಗಿಟ್ ರೆಪೊಸಿಟರಿಗೆ ಕಳಿಸಿದ್ರೆ) ರಿಲೀಸ್‌ಗಳೇ ಕಾಣೆ. ಯಾರಾದ್ರೂ ಟ್ಯಾಗ್ ಒಳಗೇ ಕಮಿಟ್ ಮಾಡಿದ್ದಾರಾ ಅಂತಲೂ ನೋಡಿ, ಮಾಡಿರ್ತಾರೆ.

ಖಾಲಿ ಫೋಲ್ಡರ್‌ಗಳನ್ನ ಗಿಟ್ ಇಟ್ಕೊಳ್ಳಲ್ಲ. ಬಿಲ್ಡ್‌ಗೆ ಅವು ಬೇಕಿದ್ರೆ ಒಳಗೊಂದು ಪುಟ್ಟ ಫೈಲ್ ಹಾಕಿಡಿ. ಹಳೇ ರೆಪೊಸಿಟರಿಯನ್ನ ಅಳಿಸಬೇಡಿ, ಓದೋಕೆ ಮಾತ್ರ ಬಿಡಿ. ಬಗ್ ವರದಿಗಳಲ್ಲಿರೋ ಹಳೇ ರಿವಿಷನ್ ನಂಬರ್ ಹುಡುಕಿಕೊಂಡು ಯಾರಾದ್ರೂ ಬಂದೇ ಬರ್ತಾರೆ.