ಪ್ರಾಗ್‌ಗೆ ಹೋಗುವವರು ಒಂದು ದಿನ ಕುಟ್ನಾ ಹೋರಾಗೆ ಎತ್ತಿಡಿ

ಚೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ನಾಲ್ಕು ದಿನ ಇರುವವರು ಒಂದು ದಿನ ಕುಟ್ನಾ ಹೋರಾ ಊರಿಗೆ ಖಂಡಿತ ಹೋಗಿ ಬನ್ನಿ. ಪ್ರಾಗ್‌ನ ಮುಖ್ಯ ಸ್ಟೇಷನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ.

ಊರಿನ ಸೆಡ್ಲೆಟ್ಸ್ ಭಾಗದಲ್ಲಿ ಮನುಷ್ಯರ ಮೂಳೆಗಳಿಂದಲೇ ಅಲಂಕರಿಸಿದ ಚಾಪೆಲ್ (ಚಿಕ್ಕ ಚರ್ಚ್) ಇದೆ. ಕುಟ್ನಾ ಹೋರಾದ ಮುಖ್ಯ ರೈಲ್ವೆ ಸ್ಟೇಷನ್ನಿಗೆ ಹತ್ತಿರ, ನಡೆದೇ ಹೋಗಬಹುದು. ಆದರೆ ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ. ಹತ್ತಿರದ ಮಾಹಿತಿ ಕೇಂದ್ರದಲ್ಲಿ ಮೊದಲೇ ತಗೊಳ್ಳಿ, ಇಲ್ಲಾಂದ್ರೆ ಸುಮ್ನೆ ಎರಡು ಸಲ ಓಡಾಟ. ಒಳಗೆ ಫೋಟೋ ತೆಗೆಯುವಂತಿಲ್ಲ. ಅದು ನಿಜವಾದ ಜನರ ಮೂಳೆ ಅಲ್ವಾ, ಆ ನಿಯಮ ನನಗೆ ಸರಿ ಅನ್ನಿಸಿತು.

ಸೇಂಟ್ ಬಾರ್ಬರಾ ಚರ್ಚ್ ಊರಿನ ಇನ್ನೊಂದು ತುದಿಯಲ್ಲಿದೆ. 1388ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1905ರಲ್ಲಿ! ಬೆಳ್ಳಿ ಗಣಿಯ ದುಡ್ಡಿನಿಂದ ಬೆಳೆದ ಊರಿದು. ಚರ್ಚಿನೊಳಗೆ ಬಿಳಿ ಅಂಗಿ ತೊಟ್ಟ ಗಣಿ ಕೆಲಸಗಾರನ ಪ್ರತಿಮೆ ಇದೆ. ದೇವರ ಮನೆಯಲ್ಲಿ ದುಡಿಯುವವನಿಗೂ ಜಾಗ ಕೊಟ್ಟಿದ್ದಾರೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಪ್ರಾಗ್ ಒಳಗೆ ಓಡಾಡುವಾಗ ಒಂದು ಎಚ್ಚರ. ಮೆಟ್ರೋ, ಟ್ರಾಮ್‌ಗೆ ಕಾಗದದ ಟಿಕೆಟ್ ಕೊಂಡರೆ ಸಾಲದು. ಹಳದಿ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮುದ್ರೆ ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದರೂ ದಂಡ. ಇನ್ನು ಅಲ್ಲಿ ನಡೆಯುವ ಹಣ ಚೆಕ್ ಕೊರುನಾ, ಯೂರೋ ಅಲ್ಲ.