ಮಾಸಿದ ಟ್ರೆಕ್ಕಿಂಗ್ ಬ್ಯಾಗಿಗೆ ಮನೆಯಲ್ಲೇ ಬಣ್ಣ ಹಾಕುವ ಕ್ರಮ

ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಬ್ಯಾಗು ಹರಿಯುವುದಕ್ಕಿಂತ ಮೊದಲೇ ಅದರ ಬಣ್ಣ ಹೋಗುತ್ತದೆ. ಹೊಲಿಗೆ ಗಟ್ಟಿಯಾಗಿದ್ದು ಜಿಪ್ಪು ಸರಾಗವಾಗಿ ಓಡುತ್ತಿದ್ದರೂ, ಚಿಂಚೋಳಿಯ ಕಾಡಿಗೂ ಯಾದಗಿರಿಯ ಕೋಟೆಗುಡ್ಡಕ್ಕೂ ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೂ ಹೆಗಲೇರಿ ಹೋಗಿಬಂದ ಚೀಲದ ಮುಚ್ಚಳ ಬಿಳಿಚಿಕೊಂಡು, ಪಟ್ಟಿಗಳ ಅಡಿಯಲ್ಲಿ ಮಾತ್ರ ಹಳೆಯ ಬಣ್ಣ ಗೆರೆಗೆರೆಯಾಗಿ ಉಳಿದಿರುತ್ತದೆ. ಅಂಥ ಚೀಲವನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಬಟ್ಟೆ ಯಾವುದೆಂದು ಗುರುತಿಸಿ, ಅದಕ್ಕೆ ಒಪ್ಪುವ ಬಣ್ಣವನ್ನು ತಂದು, ಒಂದು ದಿನದ ಬಿಡುವು ಮಾಡಿಕೊಂಡರೆ ಮನೆಯ ಹಿತ್ತಲಿನಲ್ಲೇ ಅದನ್ನು ಮತ್ತೆ ನೋಡುವಂತೆ ಮಾಡಬಹುದು.

ಬಣ್ಣದ ಯೋಚನೆಗೆ ಮೊದಲು ಬಟ್ಟೆಯ ಬಲವನ್ನು ಪರೀಕ್ಷಿಸಬೇಕು. ಬಣ್ಣವನ್ನು ತಿಂದ ಅದೇ ನೇರಳಾತೀತ ಕಿರಣಗಳು ನೈಲಾನ್ ಎಳೆಗಳನ್ನೂ ಒಳಗಿನಿಂದ ಸಡಿಲಗೊಳಿಸುತ್ತವೆ; ಹೊಸ ಬಣ್ಣ ಆ ಬಲವನ್ನು ಮರಳಿ ತರುವುದಿಲ್ಲ. ಹೆಚ್ಚು ಮಾಸಿದ ಜಾಗವನ್ನು ಎರಡೂ ಕೈಗಳ ಹೆಬ್ಬೆರಳುಗಳಿಂದ ಹಿಡಿದು ಜೋರಾಗಿ ಎಳೆಯಿರಿ, ಉಗುರಿನಿಂದ ಕೆರೆದು ನೋಡಿ. ಎಳೆಗಳು ಪುಡಿಯಾಗಿ ಉದುರಿದರೆ ಅಥವಾ ಚರ್ರೆಂದು ಸದ್ದಾದರೆ ಆ ಚೀಲಕ್ಕೆ ಶ್ರಮ ಹಾಕುವುದು ವ್ಯರ್ಥ. ಒಳಗಿನ ಲೇಪನವನ್ನೂ ನೋಡಬೇಕು. ನೀರು ತಡೆಯಲು ಒಳಮೈಗೆ ಹಚ್ಚಿದ ಪಾಲಿಯುರೆಥೇನ್ ಪದರ ಅಂಟಂಟಾಗಿದ್ದು ಮುಗ್ಗಲು ವಾಸನೆ ಬರುತ್ತಿದ್ದರೆ, ಅದು ತೇವಾಂಶದಿಂದ ಈಗಾಗಲೇ ಕೆಟ್ಟಿದೆ ಎಂದರ್ಥ. ಬಿಸಿನೀರಿಗೆ ಬಿದ್ದೊಡನೆ ಅದು ಪೊರೆಯಾಗಿ ಕಳಚಿ ಬರುತ್ತದೆ.

ಬಂಡೆ ಹತ್ತುವ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಕುಣಿಕೆಯಾಗಿ ಹೊಲಿದ ಪಟ್ಟಿಯಾದ ಸ್ಲಿಂಗ್ ಮೊದಲಾದ, ಮನುಷ್ಯನ ಭಾರವನ್ನು ಹೊರುವ ಯಾವ ಸಲಕರಣೆಗೂ ಬಣ್ಣ ಹಾಕಲೇಬಾರದು. ಬಿಸಿ, ಆಮ್ಲ ಮತ್ತು ರಾಸಾಯನಿಕಗಳು ಅವುಗಳ ಬಲವನ್ನು ಎಷ್ಟು ಕುಗ್ಗಿಸಿದವು ಎಂಬುದು ಕಣ್ಣಿಗೆ ಕಾಣುವುದಿಲ್ಲ, ಮನೆಯಲ್ಲಿ ಅಳೆಯಲೂ ಬರುವುದಿಲ್ಲ. ಈ ವಿಷಯದಲ್ಲಿ ನನ್ನಿಂದ ಯಾವ ವಿನಾಯಿತಿಯ ಮಾತೂ ಬರದು. ಟೆಂಟನ್ನೂ ಬಿಟ್ಟುಬಿಡುವುದು ಲೇಸು, ಏಕೆಂದರೆ ಅದರ ಬಟ್ಟೆಗಿಂತ ಲೇಪನದ ಬೆಲೆಯೇ ಹೆಚ್ಚು.

ಇನ್ನು ಬಟ್ಟೆಯ ಗುರುತು. ಈ ಕೆಲಸದ ಮುಕ್ಕಾಲು ಪಾಲು ಸೋಲು ಗೆಲುವು ಇಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೈಲಾನಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ, ಹತ್ತಿಗೆ ಹಿಡಿಯುವುದು ಇವೆರಡಕ್ಕೂ ಸರಿಯಾಗಿ ಹಿಡಿಯುವುದಿಲ್ಲ. ಬೀದರಿನ ಬಿದರಿ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ: ಕೋಟೆಯ ಮಣ್ಣು ಮತ್ತು ನವಸಾಗರ ಬೆರೆತ ಒಂದೇ ದ್ರಾವಣದಲ್ಲಿ ಸತುವಿನ ಮಿಶ್ರಲೋಹ ಕಡುಗಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಬಣ್ಣದ ನೀರಿನಲ್ಲಿ ಚೀಲವೂ ಹಾಗೆಯೇ. ನೈಲಾನ್ ಬಟ್ಟೆ ಬಣ್ಣ ಕುಡಿದರೂ ಪಾಲಿಯೆಸ್ಟರ್ ದಾರದ ಹೊಲಿಗೆ, ಜಿಪ್ಪಿನ ಪಟ್ಟಿ, ಮುದ್ರಿಸಿದ ಹೆಸರು ಹಳೆಯ ಬಣ್ಣದಲ್ಲೇ ನಿಲ್ಲುತ್ತವೆ. ಇದನ್ನು ಮೊದಲೇ ಒಪ್ಪಿಕೊಂಡು ಬಣ್ಣ ಆರಿಸಿದರೆ, ಆ ಹೊಲಿಗೆಯ ಗೆರೆಯೇ ಚೀಲಕ್ಕೆ ಚೆಂದವಾಗಿ ಕಾಣುವಂತೆ ಮಾಡಬಹುದು.

ಒಳಗಿನ ಚೀಟಿಯಲ್ಲಿ ಬಟ್ಟೆಯ ಹೆಸರಿದ್ದರೆ ಸರಿ, ಇಲ್ಲದಿದ್ದರೆ ಒಳಹೊಲಿಗೆಯ ಅಂಚಿನಿಂದ ಎರಡು ಮೂರು ಎಳೆ ಬಿಡಿಸಿಕೊಂಡು, ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ದೀಪದ ಉರಿಗೆ ಒಡ್ಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗುತ್ತಾ ಮಸಿಯಂಥ ಕಪ್ಪು ಹೊಗೆ ಬಿಡುತ್ತದೆ. ನೈಲಾನ್ ಉರಿಯಿಂದ ಹಿಂದೆ ಸರಿದು, ಕರಗಿ, ಹೆಚ್ಚು ಮಸಿಯಿಲ್ಲದೆ ಗಟ್ಟಿ ಮಣಿಯಾಗುತ್ತದೆ. ಪಟ್ಟಿಗಳಿಗೆ ಇನ್ನೊಂದು ಪರೀಕ್ಷೆಯಿದೆ: ತುದಿಯ ಚೂರನ್ನು ಕತ್ತರಿಸಿ, ಸೋಪಿನ ನೀರಿನಲ್ಲಿ ಹಿಚುಕಿ ಗಾಳಿ ತೆಗೆದು ಬಿಟ್ಟರೆ, ಪಾಲಿಪ್ರೊಪಿಲೀನ್ ತೇಲುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ತೇಲುವ ಪಟ್ಟಿಗೆ ಮನೆಯಲ್ಲಿ ಯಾವ ಬಣ್ಣವೂ ಹಿಡಿಯುವುದಿಲ್ಲ. ಈ ಎಲ್ಲ ಪರೀಕ್ಷೆಗಳಿಗಿಂತ ನಂಬಲರ್ಹವಾದದ್ದು, ಬಟ್ಟೆಯ ಒಂದು ಚೂರನ್ನು ತಂದ ಬಣ್ಣದಲ್ಲೇ ಸಣ್ಣ ಪಾತ್ರೆಯಲ್ಲಿ ಕಾಯಿಸಿ ನೋಡುವುದು. ಚೂರು ತೊಳೆದ ಮೇಲೂ ಬಣ್ಣ ಉಳಿಸಿಕೊಂಡರೆ ಚೀಲವೂ ಉಳಿಸಿಕೊಳ್ಳುತ್ತದೆ.

ಚೀಲ ನೈಲಾನಿನದು ಎಂದು ಖಚಿತವಾದರೆ ರೇಷ್ಮೆ ಮತ್ತು ಉಣ್ಣೆಗೆ ಹಾಕುವ ಆ್ಯಸಿಡ್ ಬಣ್ಣವನ್ನು ಕೇಳಿ ತನ್ನಿ. ಪೇಟೆಯಲ್ಲಿ ಸುಲಭವಾಗಿ ಸಿಗುವ, ಹತ್ತಿಯ ಸೀರೆ ದುಪಟ್ಟಾಗಳಿಗೆಂದು ಮಾರುವ ಪೊಟ್ಟಣ ಇದಕ್ಕೆ ಒದಗುವುದಿಲ್ಲ. ಒಣಗಿದ ಚೀಲವನ್ನು ತೂಗಿ. ನಡುಬಣ್ಣಕ್ಕೆ ತೂಕದ ಶೇ. 2ರಷ್ಟು, ಕಡುಬಣ್ಣಕ್ಕೆ ಶೇ. 4ರಷ್ಟು ಪುಡಿ ಬೇಕು. ಅಂದರೆ 800 ಗ್ರಾಂ ಚೀಲಕ್ಕೆ 16ರಿಂದ 32 ಗ್ರಾಂ. ನೀರು ತೂಕದ 25 ಪಟ್ಟು, ಅಂದರೆ 20 ಲೀಟರ್. ಚೀಲ ಮುದುಡದೆ ಹೊರಳಾಡುವಷ್ಟು ದೊಡ್ಡ ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯುಮಿನಿಯಂ ಆಮ್ಲದೊಂದಿಗೆ ವರ್ತಿಸುತ್ತದೆ, ತಾಮ್ರದ ಹಂಡೆ ಬಣ್ಣದ ಛಾಯೆಯನ್ನೇ ಬದಲಿಸುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಬಕೆಟ್ಟುಗಳನ್ನು ಮತ್ತೆ ಅಡುಗೆಗೆ ಬಳಸಬಾರದು.

ನೀರಿನ ಬಗ್ಗೆ ನಮ್ಮ ಭಾಗದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಶಹಾಬಾದ್, ಸೇಡಂ, ಚಿತ್ತಾಪುರದ ಸುತ್ತಲಿನದು ಸುಣ್ಣಕಲ್ಲಿನ ನೆಲ. ಪಾತ್ರೆಗೆ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಬಣ್ಣ ಮಂಕಾಗಿ ಕಲೆಕಲೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತಂದರೆ ಸಾಕು.

ಚೀಲದೊಳಗಿನ ಅಲ್ಯುಮಿನಿಯಂ ಪಟ್ಟಿ, ಪ್ಲಾಸ್ಟಿಕ್ ಹಾಳೆ, ಬೆನ್ನಿನ ಫೋಮು, ಚರ್ಮದ ತುಂಡು ಎಲ್ಲವನ್ನೂ ಬಿಚ್ಚಬಹುದಾದಷ್ಟು ಬಿಚ್ಚಿ ತೆಗೆಯಿರಿ. ಬೆವರಿನ ಉಪ್ಪು, ಎಣ್ಣೆ, ಧೂಳು ಉಳಿದ ಕಡೆ ಬಣ್ಣ ಇಳಿಯುವುದಿಲ್ಲವಾದ್ದರಿಂದ, ಹೆಗಲ ಪಟ್ಟಿಯನ್ನು ಮತ್ತು ಬೆನ್ನು ತಾಗುವ ಭಾಗವನ್ನು ಬ್ರಷ್ಷಿನಿಂದ ಎರಡೆರಡು ಸಲ ಉಜ್ಜಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಿ. ತೊಳೆದ ಚೀಲವನ್ನು ಒಣಗಿಸದೆ ಒದ್ದೆಯಾಗಿಯೇ ಬಣ್ಣಕ್ಕೆ ಇಳಿಸಬೇಕು. ನೀರು ಹನಿಹನಿಯಾಗಿ ಜಾರಿ ಹೋಗುತ್ತಿದ್ದರೆ ಮೇಲೆ ಇನ್ನೂ ನೀರು ತಡೆಯುವ ಲೇಪನವಿದೆ ಎಂದು ತಿಳಿದು, ಮತ್ತೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ. ಎರಡೂ ಬದಿ ಸಿಲಿಕೋನ್ ಲೇಪಿಸಿದ ನುಣುಪು ಬಟ್ಟೆಗೆ ಮಾತ್ರ ಏನು ಮಾಡಿದರೂ ಬಣ್ಣ ಇಳಿಯದು.

ಪುಡಿಯನ್ನು ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ಫ್ಯಾನ್ ಆರಿಸಿ, ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಸುರಿಯಿರಿ. ಕರಗದ ಒಂದು ಕಣ ಸಾಕು, ಚೀಲದ ಮೇಲೆ ಅಳಿಸಲಾಗದ ಚುಕ್ಕೆ ಬೀಳುತ್ತದೆ. ನೀರು ಸುಮಾರು 40 ಡಿಗ್ರಿ ಇರುವಾಗ ಚೀಲವನ್ನು ಇಳಿಸಿ, ಬಿಳಿ ವಿನೆಗರಿನ 200 ಮಿ.ಲೀ. ಹಾಕಿ, ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ 80 ಡಿಗ್ರಿಗೆ ಏರಿಸಿ. ಲೇಪನವಿರುವ ಚೀಲವಾದರೆ 65ರಿಂದ 70 ಡಿಗ್ರಿ ದಾಟಿಸದೆ ಹೆಚ್ಚು ಹೊತ್ತು ಇಡುವುದು ಸುರಕ್ಷಿತ. ನೈಲಾನ್ ಬಿಸಿ ಏರಿದಂತೆ ಬಣ್ಣವನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ಅವಸರದಿಂದ ಉರಿ ಹೆಚ್ಚಿಸಿದರೆ ಹೊರಗಿನ ಮಡಿಕೆಗಳು ಕಡುವಾಗಿ, ಒಳಗಿನ ಮೂಲೆಗಳು ತಿಳಿಯಾಗಿ ಉಳಿಯುತ್ತವೆ. ಆದ್ದರಿಂದ ಎರಡು ಮರದ ಕೋಲು ಹಿಡಿದು, ಜೇಬುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಒತ್ತಿ ಹೊರಡಿಸುತ್ತಾ, ಚೀಲವನ್ನು ಸದಾ ಹೊರಳಿಸುತ್ತಿರಬೇಕು. 20 ನಿಮಿಷದ ನಂತರ ಚೀಲವನ್ನು ಮೇಲೆತ್ತಿ ಇನ್ನೊಂದು 200 ಮಿ.ಲೀ. ವಿನೆಗರ್ ಬೆರೆಸಿ ಮತ್ತೆ ಇಳಿಸಿ. ವಿನೆಗರಿನ ವಾಸನೆ ಒಗ್ಗದವರು ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಎರಡು ದೊಡ್ಡ ಚಮಚದಷ್ಟು ಬಳಸಬಹುದು.

ಬಣ್ಣ ಹಿಡಿಯಿತೋ ಇಲ್ಲವೋ ಎಂಬುದನ್ನು ಚೀಲ ನೋಡಿ ಹೇಳುವುದಕ್ಕಿಂತ ನೀರು ನೋಡಿ ಹೇಳುವುದು ಸುಲಭ. ಹತ್ತು ನಿಮಿಷಕ್ಕೊಮ್ಮೆ ಒಂದು ಚಮಚ ನೀರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ ನೋಡಿ. ಮೊದಲು ಬಟ್ಟಲಿನ ತಳ ಕಾಣದಷ್ಟು ಗಾಢವಾಗಿದ್ದ ನೀಲಿ, ಕ್ರಮೇಣ ತಿಳಿಯಾಗುತ್ತಾ, ಕೊನೆಗೆ ತೆಳು ಛಾಯೆಯ ನೀರಷ್ಟೇ ಉಳಿಯುತ್ತದೆ. ಬಣ್ಣವೆಲ್ಲ ಬಟ್ಟೆ ಸೇರಿತು ಎಂದು ಆಗ ತಿಳಿಯಬೇಕು. ಕಡುಗಪ್ಪಿನಂಥ ಬಣ್ಣದಲ್ಲಿ ನೀರು ಪೂರ್ತಿ ತಿಳಿಯಾಗದೆಯೂ ಇರಬಹುದು. ಒಲೆ ಆರಿಸಿದ ಮೇಲೆ ಚೀಲವನ್ನು ಅದೇ ನೀರಿನಲ್ಲಿ ತಣಿಯಲು ಬಿಡಿ, ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಬಿದ್ದ ಸುಕ್ಕು ಹೋಗುವುದಿಲ್ಲ.

ಯಾವ ಬಣ್ಣ ಆರಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಇರುವುದಕ್ಕಿಂತ ಕಡುವಾದದ್ದು. ಹೊಸ ಬಣ್ಣ ಹಳೆಯದನ್ನು ಮುಚ್ಚುವುದಿಲ್ಲ, ಅದರೊಂದಿಗೆ ಬೆರೆಯುತ್ತದೆ. ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರು, ಕಿತ್ತಳೆಯ ಮೇಲೆ ನೀಲಿ ಹಾಕಿದರೆ ಕಂದು. ಮಾಸಿದ ಕೆಂಪಿಗೆ ಕಡುಕೆಂಪು ಅಥವಾ ಕಂದು, ಮಾಸಿದ ನೀಲಿಗೆ ಕಡುನೀಲಿ ಹೊಂದುತ್ತದೆ. ಬಿಸಿಲಿನ ಗೆರೆಗಳು ತೀರಾ ಎದ್ದು ಕಾಣುವ ಚೀಲಕ್ಕೆ ಕಪ್ಪು ಅಥವಾ ಕಡುನೀಲಿ ಬಿಟ್ಟರೆ ಬೇರೆ ದಾರಿಯಿಲ್ಲ.

ಹತ್ತಿಯ ಕ್ಯಾನ್ವಾಸ್ ಚೀಲದ ಕೆಲಸ ಇದಕ್ಕಿಂತ ಸುಲಭ, ಮತ್ತು ನಮ್ಮ ಬೇಸಿಗೆ ಅದಕ್ಕೆ ನೆರವಾಗುತ್ತದೆ. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳಲ್ಲಿ ತಣ್ಣನೆಯ ವಿಧಾನದವು 30ರಿಂದ 40 ಡಿಗ್ರಿಯಲ್ಲೇ ಎಳೆಗೆ ಬೆಸೆಯುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ನೀರಿನ ಕ್ಯಾನನ್ನು ಅಂಗಳದಲ್ಲಿಟ್ಟರೆ ಒಲೆಯ ಅಗತ್ಯವೇ ಬೀಳದು. ಒಂದು ಕಿಲೋ ಕ್ಯಾನ್ವಾಸಿಗೆ 20 ಲೀಟರ್ ನೀರು, 20ರಿಂದ 40 ಗ್ರಾಂ ಬಣ್ಣ, ಒಂದು ಕಿಲೋ ಪುಡಿ ಉಪ್ಪು ಬೇಕು. ಅರ್ಧ ಗಂಟೆ ಇದರಲ್ಲಿ ಆಡಿಸಿದ ಮೇಲೆ 250 ಗ್ರಾಂ ವಾಷಿಂಗ್ ಸೋಡಾವನ್ನು ಬೇರೆ ನೀರಿನಲ್ಲಿ ಕರಗಿಸಿ ಸೇರಿಸಿ, ಇನ್ನೊಂದು ಗಂಟೆ ಆಡಿಸಬೇಕು. ಅಡುಗೆ ಸೋಡಾ ಇದಕ್ಕೆ ಬಾರದು. ನಂತರ ತಣ್ಣೀರಿನಲ್ಲಿ ಉಪ್ಪು ಹೋಗುವಂತೆ ಜಾಲಿಸಿ, ಬೆಸೆಯದೆ ಉಳಿದ ಬಣ್ಣವನ್ನು ಬಿಸಿ ಸೋಪಿನ ನೀರಿನಲ್ಲಿ ತೆಗೆಯಿರಿ. ಮೇಣ ಹಚ್ಚಿದ ಕ್ಯಾನ್ವಾಸಾದರೆ ಮೇಣ ಹೋಗುವವರೆಗೆ ಮೊದಲೇ ಬಿಸಿನೀರು ಸೋಪಿನಲ್ಲಿ ತೊಳೆದಿರಬೇಕು.

ಪಾಲಿಯೆಸ್ಟರ್ ಚೀಲಕ್ಕೆ ಮುಳುಗಿಸುವ ಬಣ್ಣವನ್ನು ನಾನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಬೇಕಾದ ಡಿಸ್ಪರ್ಸ್ ಬಣ್ಣವನ್ನು ಗಿರಣಿಗಳಲ್ಲಿ ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿಯಲ್ಲಿ ಹಾಕುತ್ತಾರೆ. ಮನೆಯಲ್ಲಿ ಕುದಿಸಿ ಕುದಿಸಿ ತಿಳಿಬಣ್ಣ ಬರಿಸಬಹುದಾದರೂ, ಅಷ್ಟರೊಳಗೆ ಲೇಪನ, ಫೋಮು ಹಾಳಾಗಿರುತ್ತವೆ. ತೊಳೆದು ಒಣಗಿಸಿದ ಚೀಲಕ್ಕೆ ಬಟ್ಟೆಗೆಂದೇ ಮಾಡಿದ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚುವುದೇ ಉತ್ತಮ. ಗೋಡೆ ಬಾಗಿಲಿಗೆ ಬಳಿಯುವ ಎನಾಮಲ್ ಮಡಿಚಿದ ಕಡೆ ಒಡೆಯುತ್ತದೆ.

ಬಣ್ಣ ಹಾಕಿದ ಚೀಲವನ್ನು ನೆರಳಿನಲ್ಲಿ, ಜಿಪ್ಪುಗಳೆಲ್ಲ ತೆರೆದು, ತಲೆಕೆಳಗಾಗಿ ತೂಗುಹಾಕಿ ಒಣಗಿಸಿ. ಉಳಿದ ನೀರನ್ನು ಬಾವಿಯ ಹತ್ತಿರಕ್ಕಾಗಲಿ, ಹಳ್ಳಕ್ಕಾಗಲಿ, ಗಿಡದ ಬುಡಕ್ಕಾಗಲಿ ಸುರಿಯದೆ, ವಿನೆಗರಿನ ನೀರಿಗೆ ನೊರೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವಾಗಿ ವಾಷಿಂಗ್ ಸೋಡಾ ಬೆರೆಸಿ, ಸಾಕಷ್ಟು ನೀರು ಸೇರಿಸಿ ಒಳಚರಂಡಿಗೆ ಬಿಡಬೇಕು. ಒಣಗಿದ ಮೇಲೆ ಒದ್ದೆಯಾದ ಬಿಳಿ ಬಟ್ಟೆಯಿಂದ ಹೆಗಲ ಪಟ್ಟಿಯನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಅಂಟಿದರೆ ಮತ್ತೆ ತೊಳೆಯಿರಿ, ಏಕೆಂದರೆ ಬೆವರು ಆ ಬಣ್ಣವನ್ನು ಅಂಗಿಗೆ ಇಳಿಸುತ್ತದೆ. ಬಟ್ಟೆ ಸ್ವಚ್ಛವಾಗಿಯೇ ಉಳಿದ ಮೇಲೆ ನೀರು ತಡೆಯುವ ಸ್ಪ್ರೇಯನ್ನು ಹೊರಮೈಗೆ ಸಮನಾಗಿ ಹೊಡೆದು, ಪೂರ್ತಿ ಒಣಗಿದ ನಂತರವೇ ಫೋಮನ್ನೂ ಪಟ್ಟಿಗಳನ್ನೂ ಮರಳಿ ಜೋಡಿಸಿ.